ಹಲಗೆಯ ಅಂಚು

ಮಗಳು ಅಪ್ಪನ ಮೂರನೇ ಪ್ಯಾಂಟನ್ನೂ ತಲೆಕೆಳಗಾಗಿ ಹಿಡಿದು ಕೊಡವಿದಳು. ಬಿದ್ದದ್ದು ಎಂಟು ಸೇಫ್ಟಿ ಪಿನ್ನು, ಒಂದು ಸೀಟಿ. ಬೀಗದ ಕೈ ಇಲ್ಲ.

ಹೊರಕೋಣೆಯಲ್ಲಿ ಅಪ್ಪನನ್ನು ಮಲಗಿಸಿದ್ದರು. ಹನ್ನೊಂದಕ್ಕೆ ಸ್ಮಶಾನದ ಗಾಡಿ ಬರುವುದಿತ್ತು. ಅಷ್ಟರೊಳಗೆ ಅವರ ಫೋನು ಇಪ್ಪತ್ತು ಸಲ ಬಡಿದುಕೊಂಡಿತ್ತು. ವಲಯಮಟ್ಟದ ಕಿರಿಯರ ಕ್ರೀಡಾಕೂಟ ಇವತ್ತೇ ಶುರು. ಅಳತೆಯ ಟೇಪು, ಬಾವುಟ, ಎದೆಗೆ ಚುಚ್ಚುವ ನಂಬರು, ಎಲ್ಲವೂ ಅಪ್ಪ ಬೀಗ ಹಾಕಿಟ್ಟ ಮೈದಾನದ ಕೋಣೆಯಲ್ಲಿ.

"ಸಿಕ್ತೇನಮ್ಮಾ?" ಬಾಗಿಲಲ್ಲಿ ಕೂಟದ ಕಾರ್ಯದರ್ಶಿ. ಸ್ವಯಂಸೇವಕರ ಹಳದಿ ಟೀ ಶರ್ಟಿನಲ್ಲೇ ಸಾವಿನ ಮನೆಗೆ ಬಂದಿದ್ದರು. "ನಾನೂರು ಮಕ್ಕಳು ಬಿಸಿಲಲ್ಲಿ ನಿಂತಿದ್ದಾರೆ."

"ಬೀಗ ಒಡೀರಿ."

"ನಿಮ್ಮಪ್ಪ ಆರಿಸಿ ತಂದ ಬೀಗ. ಸುತ್ತಿಗೆ ಮುರೀತು."

ಗೋಡೆಗೊರಗಿದ್ದ ಅಮ್ಮ ಕೂತಲ್ಲಿಂದಲೇ ಸಿಡಿದಳು. "ವಾರವೆಲ್ಲಾ ಪ್ರೆಸ್ಸಲ್ಲಿ ಕಾಗದ ಕತ್ತರಿಸೋದು, ಭಾನುವಾರ ಮೈದಾನದಲ್ಲಿ ಮರಳು ಸಮ ಮಾಡೋದು. ನಲವತ್ತು ವರ್ಷ! ಇವತ್ತೊಂದಿನ ಮನೇಲಿದ್ದಾರೆ. ಇವತ್ತೂ ಹುಡುಕ್ಕೊಂಡು ಬಂದ್ರಾ?"

ಯಾರೋ ನಗು ತಡೆದು ಕೆಮ್ಮಿದರು.

ಬೀಗದ ಕೈ ಕಪಾಟಿನ ಮೇಲಿನ ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಅದರ ಕೆಳಗೆ ಕಾಗದದಲ್ಲಿ ಸುತ್ತಿದ, ಗೇಣುದ್ದದ ಮೇಣದ ಪಟ್ಟಿ. ಒಣಗಿ ಬಿರುಕುಬಿಟ್ಟಿತ್ತು.

*

ಅವಳಿಗಾಗ ಹದಿನಾರು. ಲಾಂಗ್ ಜಂಪಿನ ಕೊನೆಯ ಜಿಗಿತ. ಎಲ್ಲರಿಗಿಂತ ಒಂದು ಗೇಣು ಮುಂದೆ ಬಿದ್ದಿದ್ದಳು. ಓಡಿಬಂದು ಜಿಗಿಯುವ ಹಲಗೆಯನ್ನು ಕಾಲು ದಾಟಿದರೆ ಅಚ್ಚು ಮೂಡಲೆಂದು ಅದರ ಅಂಚಿಗೆ ಮೆತ್ತನೆಯ ಮೇಣ ಹಚ್ಚಿರುತ್ತಾರೆ. ಅಪ್ಪ ಮೂಗು ತಾಗುವಷ್ಟು ಬಗ್ಗಿ ಅದನ್ನು ನೋಡಿದರು. ಎದ್ದು ಕೆಂಪು ಬಾವುಟ ಎತ್ತಿದರು. ಜಿಗಿತ ಲೆಕ್ಕಕ್ಕಿಲ್ಲ.

"ಬೇಕಂತಲೇ ಎತ್ತಿದ್ರಿ! ತೀರ್ಪುಗಾರನ ಮಗಳು ಗೆದ್ರೆ ಜನ ಏನಂತಾರೋ ಅಂತ!" ಮನೆಗೆ ಬಂದು ಕಿರುಚಿದಳು.

"ಆ ಮೇಣದ ಪಟ್ಟಿ ಕಿತ್ತು ತಂದಿದ್ದೀನಿ. ನೋಡು."

"ನೋಡಲ್ಲ."

ಮತ್ತೆಂದೂ ಜಿಗಿಯಲಿಲ್ಲ. ಹತ್ತೊಂಬತ್ತು ವರ್ಷ, ಊಟಕ್ಕೆ ಕೂತಾಗಲೆಲ್ಲ ಅದನ್ನೇ ಎತ್ತಿ ಚುಚ್ಚಿದಳು. ಅಪ್ಪ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು. ಪಟ್ಟಿಯ ಸುದ್ದಿ ಎರಡನೇ ಸಲ ತೆಗೆಯಲಿಲ್ಲ.

*

ಪಟ್ಟಿಯ ನಡುವೆ ಒಂದು ಸಣ್ಣ ತಗ್ಗು. ಕಿರುಬೆರಳಿಟ್ಟಳು, ಕೂತಿತು. ಅವಳಿಗೆ ಅಚ್ಚರಿಯಾಗಲಿಲ್ಲ. ಆವತ್ತು ಕಾಲ್ಬೆರಳು ಮೆತ್ತಗಿನದೇನನ್ನೋ ಒತ್ತಿದ್ದು ಇನ್ನೂ ಗಾಳಿಯಲ್ಲಿರುವಾಗಲೇ ಅವಳಿಗೆ ತಿಳಿದಿತ್ತು.

ಪಟ್ಟಿಯನ್ನು ಜೇಬಿಗೆ ಸೇರಿಸಿ, ಬೀಗದ ಕೈಯನ್ನು ಕಾರ್ಯದರ್ಶಿಗೆ ಕೊಟ್ಟಳು. ಇಷ್ಟೊತ್ತು ಅವಸರಪಡಿಸಿದ ಮನುಷ್ಯ ಈಗ ಹೊರಡಲೊಲ್ಲರು.

"ಒಂದು ಮಾತಮ್ಮ. ಆವತ್ತಿನ ನಿನ್ನ ಜಿಗಿತ... ಕಮಿಟಿಯವರೆಲ್ಲ ಮಾತಾಡಿದ್ವಿ. ನಿಮ್ಮಪ್ಪಂದು ಸ್ವಲ್ಪ ಅತಿಯಾಯ್ತು, ಬಿಡು. ಸಮಾರೋಪಕ್ಕೆ ಬಾ. ವೇದಿಕೆ ಮೇಲೆ ಕರೆದು ಆ ಚಿನ್ನದ ಪದಕ ನಿಂಗೇ ಹಾಕ್ತೀವಿ. ಅವರ ನೆನಪಿಗೆ."

ಹೊರಗೆ ಗಾಡಿ ಬಂದು ನಿಂತಿತು. ಅಮ್ಮ ತಲೆಯೆತ್ತಿ ಮಗಳನ್ನೇ ನೋಡಿದಳು.

"ಬೇಡ."

"ಯಾಕಮ್ಮಾ? ಇಷ್ಟು ವರ್ಷ ನೀನೇ ಜಗಳ ಆಡಿದ್ಯಲ್ಲ..."

"ಬೇಡ ಅಂದ್ನಲ್ಲ. ಅದು ಫೌಲು."