ನಾಲ್ಕನೇ ಜ್ವರ

ರೇವಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪಟ್ಟಿಯಲ್ಲಿ ಐದು ವರ್ಷದೊಳಗಿನ ಮೂವತ್ತು ಮಕ್ಕಳ ಹೆಸರಿತ್ತು. ಊರಲ್ಲಿದ್ದದ್ದು ಒಂಬತ್ತೇ ಮಕ್ಕಳು. ಉಳಿದ ಇಪ್ಪತ್ತೊಂದನ್ನು ಹೆರುವ ಕೆಲಸವನ್ನು ಅವಳೊಬ್ಬಳೇ, ಒಂದೇ ಮಧ್ಯಾಹ್ನದಲ್ಲಿ, ಬಾಲ್‌ಪೆನ್ನು ಹಿಡಿದು ಮುಗಿಸಿದ್ದಳು. ಕೂಟಗಲ್ಲಿನ ತಂಗಿಯ ಮೊಮ್ಮಕ್ಕಳೆಲ್ಲ ರಾತ್ರೋರಾತ್ರಿ ಈ ಊರಿನವರಾದರು. ಪಟ್ಟಿಯ ಪ್ರಕಾರ ಮೂರು ವರ್ಷದವನಾದ ಮಧುಕುಮಾರ್ ನಿಜದಲ್ಲಿ ಕನಕಪುರದ ಕಡೆ ಕಲ್ಲಿನ ಲಾರಿ ಓಡಿಸುತ್ತಿದ್ದ. ಗಂಡ ವೀರಭದ್ರಯ್ಯ ಅದನ್ನು ಓದಿ, "ಲೇ, ನನ್ ಹೆಸ್ರೂ ಸೇರ್ಸ್‌ಬುಡು" ಎಂದು ನಕ್ಕಿದ್ದ.

ರೇವಮ್ಮ ಸುಳ್ಳು ಹೇಳಿದವಳೇ ಅಲ್ಲ ಎಂದರೆ ಅದೂ ಒಂದು ಸುಳ್ಳಾಗುತ್ತದೆ. ಆದರೆ ಈ ಸಲ ಅವಳಿಗೆ ತಕ್ಕ ಕಾರಣವಿತ್ತು. ಕೈಲಾಂಚದ ಪಕ್ಕದ ಆ ಊರಲ್ಲಿ ಮನೆಮನೆಗೂ ರೇಷ್ಮೆ. ಬೆಳೆ ಕೊನೆಗೆ ಬಂತೆಂದರೆ ಹೆಂಗಸರಿಗೆ ಸೊಪ್ಪು ಕೊಯ್ಯುವುದರಲ್ಲೇ ಹೊತ್ತು ಮುಳುಗುತ್ತದೆ. ನಡೆಯಲು ಕಲಿತ ಮಕ್ಕಳನ್ನು ಹಳೇ ಸೀರೆಯಲ್ಲಿ ಜಗುಲಿಯ ಕಂಬಕ್ಕೆ ಕಟ್ಟಿ ಹೋಗುತ್ತಾರೆ. ಹೋದ ಬೆಳೆಯಲ್ಲಿ ಎರಡು ವರ್ಷದ ಮೊಮ್ಮಗಳು ನಯನಾಳನ್ನು ಕಟ್ಟಿದವಳು ರೇವಮ್ಮನೇ. ಪಾಪ, ಆಡಿಕೊಳ್ಳಲಿ ಎಂದು ಸೀರೆಯನ್ನು ಸ್ವಲ್ಪ ಉದ್ದ ಬಿಟ್ಟಿದ್ದಳು. ಮಗು ಹುಳಕ್ಕೆ ಉದುರಿಸುವ ಸುಣ್ಣದ ಪುಡಿಯ ಡಬ್ಬದವರೆಗೂ ಹೋಗಿ ಒಂದು ಹಿಡಿ ಬಾಯಿಗೆ ಹಾಕಿಕೊಂಡಿತು. ಬಾಯೆಲ್ಲ ಬೊಬ್ಬೆ ಎದ್ದು ನಾಲ್ಕು ದಿನ ಹಾಲು ಕುಡಿಯಲಿಲ್ಲ. ಸೊಸೆ ಭಾನುಪ್ರಿಯ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ರೇವಮ್ಮ ತಿರುಗಿ ನಾಲ್ಕು ಅಂದು ಹಗುರಾಗುತ್ತಿದ್ದಳು. ಅನ್ನದೇ ಇದ್ದದ್ದು ಅವಳನ್ನು ಈಗಲೂ ಚುಚ್ಚುತ್ತಿತ್ತು.

ಏಳು ದೇಶಗಳು ಸೇರಿ ಮಾಡಿಕೊಂಡ ಅಭಿವೃದ್ಧಿ ಸಹಕಾರ ಸಂಸ್ಥೆಯೊಂದು ಹಳ್ಳಿಗಳಲ್ಲಿ ಮಕ್ಕಳ ಮನೆ ಕಟ್ಟಿಸಿ, ನೋಡಿಕೊಳ್ಳಲು ಒಬ್ಬ ಆಯಾಳನ್ನು ಇಡುತ್ತದಂತೆ ಎಂಬ ಸುದ್ದಿ ರಾಮನಗರದ ಮೀಟಿಂಗಿನಲ್ಲಿ ಕಿವಿಗೆ ಬಿದ್ದಾಗ, ಮಹಿಳಾ ಸಂಘದ ಅಧ್ಯಕ್ಷೆಯಾದ ಅವಳು ಅವತ್ತೇ ಅರ್ಜಿ ಕೊಟ್ಟು ಬಂದಳು. ಷರತ್ತು ಒಂದೇ ಇತ್ತು. ಮೂವತ್ತು ಮಕ್ಕಳಿರಬೇಕು.

ಬುಧವಾರ ಬರುತ್ತೇವೆ ಎಂದವರು ಸೋಮವಾರವೇ ಬಂದರು. ಅದೂ ಹುಳ ನಾಲ್ಕನೇ ಜ್ವರಕ್ಕೆ ಕೂತ ದಿನ. ಈ ಜ್ವರ ಕಾಯಿಲೆಯಲ್ಲ. ಪೊರೆ ಬಿಡುವ ಮುಂಚೆ ಹುಳ ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದಲ್ಲ, ಅದಕ್ಕೆ ರೇಷ್ಮೆ ಸೀಮೆಯಲ್ಲಿ ಹಾಗೆನ್ನುತ್ತಾರೆ. ಆಗ ಸೊಪ್ಪು ಹಾಕುವಂತಿಲ್ಲ, ಗದ್ದಲ ಮಾಡುವಂತಿಲ್ಲ, ಹೊಸಬರನ್ನು ಒಳಗೆ ಬಿಡುವ ಮಾತೇ ಇಲ್ಲ.

ಜೀಪಿನಿಂದ ಮೂವರು ಇಳಿದರು. ತಂಡದ ಮುಖ್ಯಸ್ಥ ಡೆನ್ಮಾರ್ಕಿನ ಹೆನ್ರಿಕ್, ಊರಿನ ಯಾವ ಬಾಗಿಲೂ ಸಾಲದಷ್ಟು ಉದ್ದದ ಆಳು. ಕೀನ್ಯಾದ ವಂಜಿರು, ರೇವಮ್ಮನ ವಯಸ್ಸಿನವಳೇ, ಕಣ್ಣಲ್ಲೇ ಮನೆ ಅಳೆಯುವ ಹೆಂಗಸು. ಅವರ ಮಾತು ಇವರಿಗೆ, ಇವರ ಮಾತು ಅವರಿಗೆ ದಾಟಿಸಲು ಬೆಂಗಳೂರಿನ ಹುಡುಗಿ ಹೇಮಶ್ರೀ. ಅವಳಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಹುಳದ ಕನ್ನಡ ಬರುತ್ತಿರಲಿಲ್ಲ.

ಹೆನ್ರಿಕ್ ಸುತ್ತ ನೋಡಿದ. ಒಂದು ಕಡೆ ಹಂಚು ಜಾರಿದ ವಾಸದ ಮನೆ. ಅದರ ಪಕ್ಕದಲ್ಲಿ ನೆಲಕ್ಕೆ ಟೈಲ್ಸ್ ಹಾಕಿ, ಕಿಟಕಿಗೆಲ್ಲ ಬಲೆ ಬಡಿದ ದೊಡ್ಡ ಕಟ್ಟಡ. ಸದ್ಯಕ್ಕೆ ಮಕ್ಕಳನ್ನು ಇಟ್ಟುಕೊಂಡಿರುವುದು ಇಲ್ಲೇ ಇರಬೇಕೆಂದು ನೇರ ಹೋಗಿ ಚಿಲಕಕ್ಕೆ ಕೈ ಹಾಕಿದ. ಬುದ್ಧಿ ಇರುವ ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಅದು ಹುಳದ ಮನೆ.

ರೇವಮ್ಮ ಪಟ್ಟಿಯನ್ನೂ ಮರೆತು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದಳು. "ಅಯ್ಯೋ ಸಾಮಿ, ಒಳೀಕೆ ಬರಂಗಿಲ್ಲ!"

"ಅಮ್ಮಾ, ಒಟ್ಟು ಎಷ್ಟು ಸಾಕ್ತಿದ್ದೀರಿ ಅಂತ ಕೇಳ್ತಿದ್ದಾರೆ" ಎಂದಳು ಹೇಮಶ್ರೀ.

ಮೂವತ್ತು ವರ್ಷದಿಂದ ಆ ಊರಿಗೆ ಬಂದ ರೇಷ್ಮೆ ಇಲಾಖೆಯ ಪ್ರತಿಯೊಂದು ಜೀಪೂ ಕೇಳಿದ್ದು ಇದೊಂದನ್ನೇ. ಉತ್ತರ ತಾನಾಗಿ ಬಾಯಿಗೆ ಬಂತು.

"ನಲವತ್ತು ಸಾವ್ರ."

"ಸಾವಿರ?"

"ಊಂ ಕಣವ್ವ. ಹೋದ್ಸಲಕ್ಕಿಂತ ಕಮ್ಮಿನೇ."

ಹೆನ್ರಿಕ್ ಒಂದು ಸಲ ಕಟ್ಟಡವನ್ನೂ ಒಂದು ಸಲ ಊರನ್ನೂ ನೋಡಿದ. ಒಳಗೆ ಇಷ್ಟೊಂದು ನಿಶ್ಶಬ್ದ ಯಾಕೆಂದು ಕೇಳಿಸಿದ.

"ಜ್ವರಕ್ಕೆ ಕೂತವೆ" ಎಂದಳು ರೇವಮ್ಮ.

"ಎಲ್ಲಾ? ಒಟ್ಟಿಗೇನಾ?"

"ಒಟ್ಗೆ ಬಂದ್ರೇನೇ ನಮ್ಗೂ ಅನ್ಕೂಲ."

ಹೇಮಶ್ರೀಯ ದನಿ ಸಣ್ಣಗಾಯಿತು. "ಡಾಕ್ಟರಿಗೆ ತೋರಿಸಿದ್ರಾ?"

"ಇದ್ಕೆಲ್ಲ ಡಾಕ್ಟ್ರು ಯಾಕವ್ವ? ಮೈಮ್ಯಾಲೆ ಸುಣ್ಣ ಉದುರ್ಸಿದೀನಿ. ಏಳ್ದೇ ಇರೋವ್ನ ಆಯ್ದು ಎಸ್ದುಬುಡ್ತೀವಿ."

"ಊಟ?"

"ನೆನ್ನೆ ಸಂದೆಯಿಂದ ನಿಲ್ಸಿದೀನಿ. ಎದ್ಮೇಲೆ ಒಂದು ವಾರ ಚೆನ್ನಾಗಿ ತಿಂದು ಹಣ್ಣಾಗ್ತವೆ, ಆಮೇಲೆ ಮಾರ್ಕೆಟ್ಗೆ ತಕಂಡೋಗಿ ಮಾರ್ಬುಡ್ತೀವಿ. ತಕಂಡೋರು ಬಿಸ್ನೀರಲ್ಲಿ ಬೇಯಿಸ್ಕತಾರೆ."

ಇದನ್ನು ಇಂಗ್ಲಿಷಿಗೆ ದಾಟಿಸುವಷ್ಟರಲ್ಲಿ ಹೇಮಶ್ರೀಯ ಕಣ್ಣಲ್ಲಿ ನೀರು ಬಂದಿತ್ತು. ಹೆನ್ರಿಕ್‌ನ ಮುಖದಲ್ಲಿ ಮೊದಲೇ ಇಲ್ಲದ ಬಣ್ಣ ಇನ್ನಷ್ಟು ಹೋಯಿತು. ಅವನು ರೇವಮ್ಮನನ್ನು ಪಕ್ಕಕ್ಕೆ ಸರಿಸಿ, ಚಿಲಕ ತೆಗೆದು ಬಾಗಿಲು ನೂಕಿಯೇಬಿಟ್ಟ.

ಒಳಗೆ ತಣ್ಣಗೆ ಫ್ಯಾನ್ ತಿರುಗುತ್ತಿತ್ತು. ಸಾಲು ಸಾಲು ತಟ್ಟೆಗಳಲ್ಲಿ ನಲವತ್ತು ಸಾವಿರ ಹುಳ ತಲೆ ಎತ್ತಿಕೊಂಡು, ಯಾರ ಗೊಡವೆಯೂ ಇಲ್ಲದೆ ಕೂತಿದ್ದವು.

ಹೇಮಶ್ರೀ ಹೊಸ್ತಿಲ ಮೇಲೆ ಕುಸಿದು ಕೂತು ನಗತೊಡಗಿದಳು. ತಾನು ಇಂಗ್ಲಿಷಿನಲ್ಲಿ ಏನೇನು ಹೇಳಿದೆನೆಂದು ಅವಳು ಬಿಡಿಸಿ ಹೇಳಿದ ಮೇಲೆ ರೇವಮ್ಮ ಬಾಯಿಗೆ ಸೆರಗು ಹಿಡಿದಳು. "ಅಯ್ ನಿನ್ನ! ನಾನು ಮಕ್ಳ್ನ ಬೇಯಿಸ್ತೀನಿ ಅಂದ್ಬುಟ್ಯಾ?" ಹುಳಕ್ಕೆ ಸದ್ದಾಗಬಾರದೆಂದು ಎಲ್ಲರೂ ಅಂಗಳಕ್ಕೆ ಬಂದು, ಬಗ್ಗಿ ಬಗ್ಗಿ ನಕ್ಕರು. ಹೆನ್ರಿಕ್ ಟೋಪಿ ತೆಗೆದು ಬೆವರು ಒರೆಸಿಕೊಂಡು ನಕ್ಕ.

ವಂಜಿರು ಮಾತ್ರ ಬಾಗಿಲಲ್ಲೇ ನಿಂತಿದ್ದಳು. ಅವಳು ಮಕ್ಕಳ ಮನೆಯ ಫಾರಂ ಬಿಡಿಸಿ ಒಂದೊಂದೇ ಪ್ರಶ್ನೆ ಕೇಳತೊಡಗಿದಳು. ಗಾಳಿ ಬೆಳಕು ಇದೆಯೇ? ಇದೆ. ಸೆಕೆ ಎಷ್ಟೆಂದು ನೋಡುತ್ತೀರಾ? ಥರ್ಮಾಮೀಟರ್ ಗೋಡೆಯಲ್ಲೇ ನೇತಾಡುತ್ತಿದೆಯಲ್ಲ. ಹೊತ್ತಿಗೆ ಸರಿಯಾಗಿ ಊಟ? ಒಂದು ಗಳಿಗೆ ತಪ್ಪುವುದಿಲ್ಲ. ಯಾವಾಗಲೂ ಒಬ್ಬರು ಹತ್ತಿರವಿರುತ್ತಾರಾ? ರಾತ್ರಿಯೂ ಇರುತ್ತೇವೆ. ರೇವಮ್ಮ ಎಲ್ಲಕ್ಕೂ ಹೆಮ್ಮೆಯಿಂದ ತಲೆಯಾಡಿಸುತ್ತ ಹೋದಳು.

"ಇದೆಲ್ಲ ಹುಳಕ್ಕಾಯಿತು, ಮಕ್ಕಳು ಎಲ್ಲಿದ್ದಾರೆ ಅಂತ ಕೇಳ್ತಿದ್ದಾರೆ" ಎಂದಳು ಹೇಮಶ್ರೀ.

ಜಗುಲಿಯ ಮೇಲೆ ನಯನಾ ಸೀರೆಯ ಕೊನೆಯವರೆಗೂ ಎಳೆದುಕೊಂಡು ಬಂದು, ಹೊಟ್ಟೆಗೆ ಬಿಗಿದ ಗಂಟಿನಲ್ಲಿ ಮುಂದಕ್ಕೆ ವಾಲಿ ನಿಂತು, ದೊಡ್ಡವರು ಯಾಕೆ ನಗುತ್ತಿದ್ದಾರೆಂದು ನೋಡುತ್ತಿದ್ದಳು. ಈ ಸಲ ಸೀರೆಯನ್ನು ಗಿಡ್ಡ ಕಟ್ಟಿದ್ದರು. ರೇವಮ್ಮನಿಗೆ ನಾಚಿಕೆಯಾಯಿತು. ನಾಚಿಕೆ ಅವಳಿಗೆ ಅಷ್ಟಾಗಿ ಅಭ್ಯಾಸವಿಲ್ಲದ ಸಂಗತಿ. ಸೊಂಟದ ಪಟ್ಟಿಗೆ ಹೋದ ಕೈಯನ್ನು ಹಾಗೇ ವಾಪಸ್ಸು ತಂದಳು.

"ಒಂಬತ್ತವೆ" ಎಂದಳು. "ಒಂಬತ್ತೇ."

ಹೆನ್ರಿಕ್ ನಿಜವಾಗಿಯೂ ನೊಂದುಕೊಂಡ. ಒಂಬತ್ತಕ್ಕೆ ಕಟ್ಟಡ ಕೊಡಲು ಬರುವುದಿಲ್ಲ, ಏಳು ದೇಶದವರೂ ಒಪ್ಪಿ ಮಾಡಿದ ನಿಯಮ ಎಂದ. ರೇವಮ್ಮ ಹೋಗಿ ಮೊಮ್ಮಗಳ ಗಂಟು ಬಿಚ್ಚಿ ಅವಳನ್ನು ಕಂಕುಳಿಗೆ ಹಾಕಿಕೊಂಡು, ಹುಳದ ಮನೆಗೆ ಅಂಟಿಕೊಂಡಂತಿದ್ದ ಕೋಣೆಯ ಬಾಗಿಲು ತೆಗೆದಳು. ಕೊಯ್ದ ಸೊಪ್ಪು ಬಾಡದಿರಲೆಂದು ಕಟ್ಟಿಸಿದ ತಂಪು ಕೋಣೆ. ಅದಕ್ಕೂ ಟೈಲ್ಸ್, ಅದಕ್ಕೂ ಬಲೆ.

"ನೋಡವ್ವ, ಸೊಪ್ಪಿಗೂ ಒಂದು ರೂಮ್ ಕಟ್ಸಿದೀನಿ ನಾನು, ಪಾಪಿ" ಎಂದು ವಂಜಿರುಗೆ ತೋರಿಸಿದಳು. ಆಮೇಲೆ ಹೆನ್ರಿಕ್‌ನತ್ತ ತಿರುಗಿ, "ನಿಮ್ ಕಟ್ಡ ನೀವೇ ಮಡೀಕಳಿ. ರೂಮು ನಾನ್ ಕೊಡ್ತೀನಿ, ಆಯಾನ ನೀವ್ ಕೊಡಿ. ಇದ್ಕೂ ಏಳು ದೇಸ ಕೇಳ್ಬೇಕಾ?" ಎಂದಳು.

ಹೆನ್ರಿಕ್ ಫಾರಂ ಮಗುಚಿದ. ಹದಿನೇಳು ಪುಟದಲ್ಲಿ ಬೇಡುವವರಿಗೆ ಜಾಗವಿತ್ತು, ಕೊಡುವವರಿಗೆ ಇರಲಿಲ್ಲ. ವಂಜಿರು ಅವನ ಕೈಯಿಂದ ಪೆನ್ನು ಕಿತ್ತುಕೊಂಡು ಕಟ್ಟಡ ಎಂಬುದರ ಮೇಲೆ ಗೆರೆ ಎಳೆದಳು, ಪಕ್ಕದಲ್ಲಿ ಆಯಾ ಎಂದು ಬರೆದಳು. ಹೆನ್ರಿಕ್ ಒಂದು ನಿಮಿಷ ತಲೆ ಕೆರೆದುಕೊಂಡು ಕೆಳಗೆ ಸಹಿ ಹಾಕಿದ. ಬಳಿಕ ಯಾರೂ ಹೇಳದೆಯೇ ಸೊಪ್ಪಿಗೆ ಮುಚ್ಚುವ ಒದ್ದೆ ಗೋಣಿತಾಟುಗಳನ್ನು ಕೋಣೆಯಿಂದ ಹೊತ್ತು ಹೊರಗೆ ಹಾಕತೊಡಗಿದ. ವಂಜಿರು ಪೊರಕೆ ಹಿಡಿದಳು.

ಸಂಜೆ ಜೀಪು ಹೋದ ಮೇಲೆ ವೀರಭದ್ರಯ್ಯ ತೋಟದಿಂದ ಬಂದ. ಜ್ವರದಿಂದ ಏಳುವ ಹುಳಕ್ಕೆ ಬೆಳಿಗ್ಗೆ ಬೇಕಾಗುತ್ತದೆಂದು ಟಿವಿಎಸ್ ಮೇಲೆ ಸೊಪ್ಪಿನ ಹೊರೆ ತಂದಿದ್ದ. ಸೊಪ್ಪಿನ ಕೋಣೆಯ ಬಾಗಿಲು ತೆಗೆದರೆ ಒಳಗೆ ಚಾಪೆ ಹಾಸಿತ್ತು. ಅದರ ಮೇಲೆ ನಯನಾ ಅಂಗಾತ ಮಲಗಿ ನಿದ್ದೆ ಮಾಡುತ್ತಿದ್ದಳು. ಪಕ್ಕದಲ್ಲಿ ಭಾನುಪ್ರಿಯ ಕೂತು, ಎಷ್ಟೋ ದಿನಗಳ ಮೇಲೆ ಅತ್ತೆಯೊಂದಿಗೆ ಏನೋ ಹರಟುತ್ತಿದ್ದಳು.

"ಸೊಪ್ಪೆಲ್ಲಿಗೆ ಹಾಕ್ಲೇ?" ಎಂದ ಅವನು.

"ನಿಮ್ ಮಂಚದ ಮ್ಯಾಲೆ ಹರಡಿ, ಗೋಣಿತಾಟು ನೆನ್ಸಿ ಮುಚ್ಚಿ."

"ನಾನೆಲ್ಲಿ ಮಲಿಕಳ್ಳಿ?"

"ಜಗ್ಲಿ ಮ್ಯಾಲೆ."

"ಎಷ್ಟ್ ದಿನ?"

ರೇವಮ್ಮ ಮಗುವಿನ ಮೇಲೆ ಸೆರಗು ಹೊದಿಸುತ್ತ, ತಲೆ ಎತ್ತದೆ ಹೇಳಿದಳು. "ಒಂಬತ್ತೂ ಇಸ್ಕೂಲು ಸೇರೋಗಂಟ."