ಒಂಬತ್ತು ಗೋಲು ಬಿಟ್ಟ ಕೀಪರ್

2018ರ ವರ್ಲ್ಡ್ ಕಪ್ ನಡೆಯುತ್ತಿದ್ದ ದಿನಗಳು. ಅಮೃತಹಳ್ಳಿಯಲ್ಲಿ ಯೋಗಾನಂದ ಕಟ್ಟಿಸಿದ ಕಾಂಪ್ಲೆಕ್ಸಿನ ಮೇಲ್ಮಹಡಿಯಲ್ಲಿ ಭಾನುವಾರ ಸಂಜೆ ಫುಟ್‌ಬಾಲ್ ಹುಚ್ಚಿನವರೆಲ್ಲ ಸೇರುತ್ತಿದ್ದರು. ಮ್ಯಾಚ್ ಶುರುವಾಗುವವರೆಗೆ ಕ್ವಿಜ್. ಪ್ರಶ್ನೆ ಕೇಳುವವನು ಯೋಗಾನಂದನೇ. ಐವತ್ತು ದಾಟಿದ ಬಿಲ್ಡರ್, ಹರೆಯದಲ್ಲಿ ಪುಟ್ಟೇನಹಳ್ಳಿ ಟೀಮಿನ ಕ್ಯಾಪ್ಟನ್ ಆಗಿದ್ದವನು. ಶಿಲ್ಪ ಒಂದು ವಾರವೂ ತಪ್ಪಿಸುತ್ತಿರಲಿಲ್ಲ. ಬರಿಗಾಲಲ್ಲಿ ಆಡಲು ಬಿಡಲಿಲ್ಲ ಅಂತಲೇ 1950ರಲ್ಲಿ ಇಂಡಿಯಾ ವರ್ಲ್ಡ್ ಕಪ್ಪಿಗೆ ಹೋಗಲಿಲ್ಲ ಅನ್ನೋದು ಪೂರ್ತಿ ನಿಜವಲ್ಲ ಎಂದು ಹಟ ಹಿಡಿದು ವಾದಿಸಿ, ಇಡೀ ಗುಂಪನ್ನು ಒಪ್ಪಿಸಿದ್ದವಳು ಅವಳು.

ಆ ಸಂಜೆ ಯೋಗಾನಂದ, "ಈಗ ನಮ್ಮ ಪುಟ್ಟೇನಹಳ್ಳಿ ಟೀಮಿಂದೇ ಒಂದು," ಅಂದ. "ಫೈನಲ್ ದಿನ ಬೀಗರೂಟದಲ್ಲಿ ಮುದ್ದೆ ಬಾರಿಸಿ ಬಂದು, ಗೋಲ್ ಕಂಬಕ್ಕೆ ಒರಗಿ ತೂಕಡಿಸ್ತಾ ಒಂಬತ್ತು ಗೋಲು ಬಿಟ್ಟ ಕೀಪರ್ ಯಾರು?"

ಯಾರಿಗೂ ಗೊತ್ತಿರಲಿಲ್ಲ.

"ಮಹೇಂದ್ರ. ನಮ್ಮ ಶಿಲ್ಪ ಇದಾಳಲ್ಲ, ಅವರಪ್ಪಾನೇ ಕಣ್ರೋ."

ಜನ ಬಿದ್ದು ಬಿದ್ದು ನಕ್ಕರು. ಶಿಲ್ಪಳ ಕಿವಿ ಕಾದು ಹೋಯಿತು. ಅವಳು ಮನೆ ಮುಟ್ಟುವಷ್ಟರಲ್ಲಿ ಅದು ಗುಂಪಿನ ಫೇಸ್‌ಬುಕ್ ಪೇಜಿಗೂ ಏರಿತ್ತು, ಅಪ್ಪನ ಹೆಸರಿನ ಸಮೇತ.

ಮಹೇಂದ್ರ ಟಿವಿ ನೋಡುತ್ತಿದ್ದ. ಮಗಳು ಕೇಳಿದ ಮೇಲೆ ಸೌಂಡ್ ಕಮ್ಮಿ ಮಾಡಿದ.

"ಬೀಗರೂಟಾನೂ ಇಲ್ಲ, ನಿದ್ದೇನೂ ಇಲ್ಲ. ಮೊದಲನೇ ಹಾಫಲ್ಲೇ ಮಣಿಕಟ್ಟು ಮುರೀತು."

ಅಪ್ಪನ ಎಡಗೈ ಸೊಟ್ಟಗಿರುವುದನ್ನು ಅವಳು ಹುಟ್ಟಿದಾಗಿನಿಂದ ನೋಡಿದ್ದಳು. ಸೈಕಲ್ಲಿಂದ ಬಿದ್ದದ್ದು ಎಂದೇ ನಂಬಿದ್ದಳು.

"ಯಾರಿಗೂ ಹೇಳ್ಲಿಲ್ವಾ?"

"ಯೋಗಂಗೆ ಹೇಳ್ದೆ. ಬದಲಿಗೆ ಇನ್ನೊಬ್ಬ ಇಲ್ಲ, ನೀನು ಆಚೆ ಹೋದ್ರೆ ಹತ್ತೇ ಜನ ಆಯ್ತೀವಿ, ಬಾಯ್ ಮುಚ್ಕೊಂಡು ನಿಂತ್ಕೋ ಅಂದ. ನಿಂತ್ಕೊಂಡೆ. ಸೋತ ಮೇಲೆ ಊರೋರು ಯಾಕಿಂಗಾಯ್ತು ಅಂತ ಅವನ್ನೇ ಇಡ್ಕೊಂಡ್ರು. ಆಗ ಮುದ್ದೆ ಕತೆ ಕಟ್ಟಿದ."

"ನೀನ್ಯಾಕಪ್ಪ ಸುಮ್ನಿದ್ದೆ?"

"ಕೈ ಮುರಿದಿತ್ತು ಅಂದ್ರೆ ನೆಪ ಏಳ್ತಾನೆ ಅಂತಿದ್ರು. ಬರ್ತಾ ಬರ್ತಾ ನಗೋರ ಜೊತೆ ನಾನೂ ನಕ್ಕೊಂಡಿದ್ದೆ."

ಆ ಮಾತಿಗೆ ಅವಳ ಸಿಟ್ಟು ಇನ್ನೂ ಏರಿತು. ತನ್ನದೇ ಅವಮಾನಕ್ಕೆ ಅಪ್ಪ ಇಷ್ಟು ವರ್ಷ ಹಲ್ಲು ಕಿರಿದುಕೊಂಡು ಬಂದಿದ್ದಾನೆ ಅನ್ನುವುದು ಅವಳಿಗೆ ನುಂಗಲಾಗಲಿಲ್ಲ.

ಮುಂದಿನ ಭಾನುವಾರ ಕ್ವಿಜ್ ಶುರುವಾಗುವ ಮೊದಲೇ ಎದ್ದು ನಿಂತಳು. "ಅಂಕಲ್, ಒಂದು ಪ್ರಶ್ನೆ ನಂದು. ಕೀಪರ್ ಮಣಿಕಟ್ಟು ಮುರಿದಿತ್ತು ಅಂತ ಆವತ್ತು ಗ್ರೌಂಡಲ್ಲಿ ಯಾರಿಗೆ ಗೊತ್ತಿತ್ತು?"

ಯೋಗಾನಂದನ ಮುಖ ಇಳಿಯಿತು. "ಹಳೇದೆಲ್ಲ ಯಾಕೆ ಕೆದಕ್ತೀಯಮ್ಮ? ಕ್ವಿಜ್ ಅಂದ್ರೆ ಸ್ವಲ್ಪ ಮಜಾ ಇರ್ಬೇಕು."

"ಮಜಾ ನಿಮ್ದು. ಕೈ ನಮ್ಮಪ್ಪಂದು. ನಿಮಗೆ ಗೊತ್ತಿತ್ತೋ ಇಲ್ವೋ, ಅಷ್ಟು ಹೇಳಿ ಸಾಕು."

ಅವನು ರಿಮೋಟ್ ತಗೊಂಡು ಟಿವಿ ಹಾಕಿದ. ಹೋದ ವಾರ ನಕ್ಕವರು ಯಾರೂ ಅವಳ ಕಡೆ ನೋಡಲಿಲ್ಲ. ಹಿಂದಿನ ಸಾಲಿನಲ್ಲಿದ್ದ ತಾಹೆರಾ ಮಾತ್ರ, "ಹೇಳಿ ಸರ್, ಗೊತ್ತಿತ್ತಾ?" ಅಂದಳು. ಯೋಗಾನಂದ ಟಿವಿ ಸೌಂಡ್ ಏರಿಸಿದ. ಶಿಲ್ಪ ಬ್ಯಾಗ್ ಹೆಗಲಿಗೇರಿಸಿ ಇಳಿದು ಬಂದಳು.

ರಾತ್ರಿ ಊಟದ ಹೊತ್ತಿಗೆ ಪೇಜಿನಿಂದ ಆ ಪೋಸ್ಟ್ ಮಾಯವಾಗಿತ್ತು. ತಪ್ಪಾಯಿತು ಅನ್ನುವ ಒಂದು ಪದವೂ ಇಲ್ಲ.

"ಅಳಿಸಿದ್ರೆ ಆಗೋಯ್ತಾ? ಓದಿದವರೆಲ್ಲ ಮರೀತಾರಾ?" ಎಂದು ಅವಳು ತಟ್ಟೆ ಮುಂದೆ ಕೂತೇ ಉರಿಯುತ್ತಿದ್ದಳು.

ಮಹೇಂದ್ರ, "ಪೆನಾಲ್ಟಿ ತಡೆದಿದ್ದು ಏನಾದ್ರೂ ಏಳಿದ್ನಾ ಅವನು?" ಅಂತ ಕೇಳಿದ.

"ಯಾವ ಪೆನಾಲ್ಟಿ?"

"ಎರಡನೇ ಹಾಫಲ್ಲಿ. ಎದುರು ಟೀಮೋನು ಬಲಗಡೆಗೆ ಹೊಡೆದ. ಒಂದೇ ಕೈಯಲ್ಲಿ ತಳ್ಳಿದೆ. ಆಚೆ ಹೋಯ್ತು."

"ಇದನ್ನ ಯಾಕೆ ಇಷ್ಟು ದಿನ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

ಶಿಲ್ಪ ಕೈ ತೊಳೆದು ಬಂದು ಫೋನ್ ತೆಗೆದಳು. "ಮೊದಲಿಂದ ಹೇಳಪ್ಪ. ನನ್ನ ಹೆಸರಲ್ಲೇ ಹಾಕ್ತೀನಿ."

"ಒಂಬತ್ತು ಗೋಲೂ ಬರಿ," ಅಂದ ಮಹೇಂದ್ರ. "ಅದು ಸುಳ್ಳಲ್ಲ."