ಹಿಂದಿನ ಸೀಟು

ಡ್ರೈವರ್ ಕೆಲಸದಲ್ಲಿ ತಲೆ ನರೆಯುವವರೆಗೂ ಅವನು ಕಾರಿನ ಬಾಗಿಲು ತೆಗೆದು ನಿಂತಿದ್ದು ಬೇರೆಯವರ ಹೆಂಡತಿಯರಿಗೆ. "ಒಂದಲ್ಲ ಒಂದು ದಿನ ನಿನ್ನನ್ನೂ ಇಂಥ ಕಾರಿನ ಹಿಂದಿನ ಸೀಟಿನಲ್ಲಿ ಮಹಾರಾಣಿ ಹಾಗೆ ಕೂರಿಸ್ತೀನಿ" ಅಂತ ತನ್ನವಳಿಗೆ ಮಾತು ಕೊಟ್ಟಿದ್ದ. ಈಗ ಅವಳಿಗೆ ಮರೆವಿನ ಕಾಯಿಲೆ. ಒಲೆಯ ಮೇಲಿಟ್ಟ ಹಾಲಿನಿಂದ ಶುರುವಾದದ್ದು ಮಗಳ ಹೆಸರಿನವರೆಗೂ ಬಂದಿತ್ತು. ಇನ್ನು ತಡಮಾಡುವ ಹಾಗಿರಲಿಲ್ಲ.

ಹಳೇ ಕಾರು ಮಾರುವ ಅಂಗಳದಲ್ಲಿ ಅವನ ಕಣ್ಣು ಉದ್ದನೆಯ ಕಪ್ಪು ಪೆಟ್ರೋಲ್ ಕಾರಿನ ಮೇಲೆ. ಅಕ್ಕನ ಕೈ ಹಿಡಿದು ಜೊತೆಗೆ ಬಂದಿದ್ದ ಬಾಮೈದ ಪಕ್ಕದ ಪುಟ್ಟ ಎಲೆಕ್ಟ್ರಿಕ್ ಕಾರು ತೋರಿಸಿದ.

"ಭಾವ, ಆ ಕರಿ ಆನೆ ಸಾಕೋದು ನಮ್ಮ ಕೈಲಾಗುತ್ತಾ? ಅದು ಒಂದು ಸಲ ಕೆಮ್ಮಿದ್ರೆ ಮೆಕ್ಯಾನಿಕ್ ಮನೆ ಕಟ್ಟಿಸ್ಕೋತಾನೆ. ಇದಾದ್ರೆ ಫೋನ್ ಥರ ಚಾರ್ಜಿಗೆ ಹಾಕಿ ಮಲಗಿದ್ರಾಯ್ತು."

"ನಿಮ್ಮಕ್ಕನ್ನ ಮಿಕ್ಸಿಯೊಳಗೆ ಕೂರಿಸು ಅಂತೀಯೇನೋ?"

ಬಾಮೈದನನ್ನು ಅಲ್ಲೇ ಬಿಟ್ಟು ದೊಡ್ಡ ಕಾರಿನ ಹಿಂಬಾಗಿಲು ತೆಗೆದ. ಹೆಂಡತಿ ಸೆರಗು ಸರಿಮಾಡಿಕೊಂಡು ಕೂತಳು. ಇಂಜಿನ್ ಗಂಭೀರವಾಗಿ ಗುರುಗುಟ್ಟಿತು. ಎರಡು ಬೀದಿ ದಾಟಿದ ಮೇಲೆ ಹಿಂದಿನಿಂದ ಮಾತು ಬಂತು.

"ಡ್ರೈವರ್, ಸ್ವಲ್ಪ ಬೇಗ ಹೋಗಪ್ಪ. ನಮ್ಮ ಯಜಮಾನರು ಡ್ಯೂಟಿ ಮುಗಿಸಿ ಹಸಿದು ಬಂದಿರ್ತಾರೆ. ನಾನು ಬಡಿಸದೆ ತಟ್ಟೆ ಮುಟ್ಟಲ್ಲ ಅವರು."

ಕನ್ನಡಿಯಲ್ಲಿ ನೋಡಿದ. ಅವಳು ಅವನ ಕತ್ತಿನ ಹಿಂಭಾಗವನ್ನೇ ನೋಡುತ್ತಿದ್ದಳು.

"ಆಯ್ತಮ್ಮ" ಅಂದ. ಹಳೇ ಅಭ್ಯಾಸ.

ವಾಪಸು ಬಂದವನ ಮುಖ ನೋಡಿ ಬಾಮೈದ ಪುಟ್ಟ ಕಾರಿನ ಕೀ ತಂದುಕೊಟ್ಟ. ಅವನು ಹೆಂಡತಿಯ ಕೈ ಹಿಡಿದು ಪುಟ್ಟ ಕಾರಿನ ಮುಂದಿನ ಸೀಟಿಗೆ ಕೂರಿಸಿ, ಬೆಲ್ಟ್ ಹಾಕಿ, ತಾನು ಪಕ್ಕಕ್ಕೆ ಬಂದು ಗುಂಡಿ ಒತ್ತಿದ. ಸದ್ದೇ ಇಲ್ಲ. ಅವಳು ಹುಬ್ಬು ಗಂಟಿಕ್ಕಿ ಅವನ ತೋಳು ತಟ್ಟಿದಳು.

"ರೀ, ಗಾಡಿ ಆಫ್ ಆಗಿದೆ. ಇನ್ನೊಂದು ಸಲ ಸ್ಟಾರ್ಟ್ ಮಾಡ್ರೀ."

ಎಷ್ಟೋ ತಿಂಗಳ ಮೇಲೆ ಬಂದ "ರೀ" ಅದು. ಬೆಲೆ ಚೌಕಾಸಿ ಮಾಡದೆ ಅದನ್ನೇ ಕೊಂಡ.

ಆಮೇಲೆ ದಿನಾ ಸಂಜೆ ಒಂದು ಸುತ್ತು. ಗುಂಡಿ ಒತ್ತಿ, ಸುಮ್ಮನೆ ಕಾಯುವನು. ಕೆಲವು ಸಂಜೆ ಅವಳು ತೋಳು ತಟ್ಟುವಳು. ಬರಬರುತ್ತಾ ಅದು ಕಡಿಮೆಯಾಯಿತು.

ಇವತ್ತು ಅವಳು ಕಿಟಕಿಯಾಚೆ ನೋಡುತ್ತಾ ಕೂತಿದ್ದಾಳೆ. ಅವನು ಗುಂಡಿ ಒತ್ತಿಯಾಗಿದೆ. ಮನೆ ಮುಂದಿನ ಇಕ್ಕಟ್ಟು ರಸ್ತೆಯಲ್ಲಿ ಹಿಂದಿನ ಗಾಡಿಯವನು ದಾರಿಗಾಗಿ ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದಾನೆ.

"ಒಂದು ನಿಮಿಷ ಇರಪ್ಪ" ಅಂದ ಅವನು, ಯಾರಿಗೂ ಕೇಳಿಸದ ಹಾಗೆ.